ಆಸ್ಟಿನ್ ರಸ್ತೆಯ ಆಚೆ ಈಚೆ



ಅಮೆರಿಕದ ಶಿಕಾಗೋ ನಗರದ ನಡುಭಾಗದಿಂದ ಪಶ್ಚಿಮಕ್ಕೆ ಹೋಗುವ ಒಂದು ರೈಲಿದೆ. ಗ್ರೀನ್ ಲೈನ್ ಎಂದು ಅದರ ಹೆಸರು. ಉಕ್ಕಿನ ಕಂಬಗಳ ಮೇಲೆ ಹಾಸಿದ ಹಳಿಗಳಲ್ಲಿ, ಮಹಡಿ ಮನೆಗಳ ಕಿಟಕಿಗಳ ಎತ್ತರದಲ್ಲಿ ಅದು ಓಡುತ್ತದೆ. ಕಚೇರಿಗಳು ಬಿಡುವ ಹೊತ್ತಿಗೆ ಹತ್ತಿದರೆ ಒಂದೇ ಡಬ್ಬಿಯಲ್ಲಿ ಎಲ್ಲ ಬಣ್ಣದ ಜನ ಕಾಣುತ್ತಾರೆ. ರೈಲು ಗಾರ್‌ಫೀಲ್ಡ್ ಪಾರ್ಕ್ ಕಡೆ ಸಾಗಿದಂತೆ ಇಳಿಯುವವರೆಲ್ಲ ಹೆಚ್ಚುಕಡಿಮೆ ಕಪ್ಪು ಜನ. ಆಸ್ಟಿನ್ ಬಡಾವಣೆಯಲ್ಲೂ ಹಾಗೆಯೇ. ಆ ಬಡಾವಣೆ ಮುಗಿಯುವಲ್ಲಿ ಶಿಕಾಗೋ ನಗರವೂ ಮುಗಿಯುತ್ತದೆ. ಅಲ್ಲಿ ಆಸ್ಟಿನ್ ಬುಲೆವಾರ್ಡ್ ಎಂಬ ರಸ್ತೆ. ರಸ್ತೆಯ ಪೂರ್ವಕ್ಕೆ ಮಹಾನಗರ, ಪಶ್ಚಿಮಕ್ಕೆ ಓಕ್ ಪಾರ್ಕ್ ಎಂಬ ಪುಟ್ಟ ಉಪನಗರ. ರಸ್ತೆ ದಾಟಿದ ಮೇಲೆ ಒಂದೇ ಬೀದಿಯಲ್ಲಿ ಬಿಳಿಯರ ಮನೆ, ಕಪ್ಪು ಕುಟುಂಬದ ಮನೆ, ಇಬ್ಬರೂ ಸೇರಿ ಮದುವೆಯಾದವರ ಮನೆ ಅಕ್ಕಪಕ್ಕದಲ್ಲಿ ಸಿಗುತ್ತವೆ.

ಬೇರೆ ಬೇರೆ ಜನಾಂಗಗಳು ಬೆರೆಯುವುದು ಮಹಾನಗರದಲ್ಲಿ, ಉಪನಗರವೆಂದರೆ ಒಂದೇ ಬಗೆಯ ಜನ ಬೇಲಿ ಹಾಕಿಕೊಂಡು ಇರುವ ಜಾಗ ಎಂಬುದು ಸಾಮಾನ್ಯ ನಂಬಿಕೆ. ಅರ್ಧ ಶತಮಾನದ ಹಿಂದೆ ಅದು ಬಹುಮಟ್ಟಿಗೆ ನಿಜವೂ ಆಗಿತ್ತು. ಹಾಗಿದ್ದರೆ ಈ ರಸ್ತೆಯಲ್ಲಿ ಮಾತ್ರ ಅದು ತಲೆಕೆಳಗಾದದ್ದು ಹೇಗೆ? ಇವತ್ತು ನಾನು ಹೇಳಲು ಹೊರಟಿರುವುದು ಆ ಕಥೆಯನ್ನು.

ಶಿಕಾಗೋ ಸುಮಾರು 27 ಲಕ್ಷ ಜನರ ನಗರ. 2020ರ ಜನಗಣತಿಯಂತೆ ಬಿಳಿಯರು, ಕಪ್ಪುವರ್ಣೀಯರು, ಲ್ಯಾಟಿನೋ ಜನ ಹತ್ತಿರ ಹತ್ತಿರ ಮೂರರಲ್ಲಿ ಒಂದೊಂದು ಪಾಲು ಇದ್ದಾರೆ. ಕಾಗದದ ಮೇಲೆ ಇದಕ್ಕಿಂತ ಸಮತೂಕದ ಬೆರಕೆ ಬೇಕೇ? ಆದರೆ ನಗರದ ಭೂಪಟದಲ್ಲಿ ಯಾರು ಎಲ್ಲಿದ್ದಾರೆ ಎಂದು ಬಣ್ಣ ಹಚ್ಚಿದರೆ ಒಂದೊಂದು ಬಣ್ಣವೂ ಒಂದೊಂದು ಕಡೆ ಗಟ್ಟಿಯಾಗಿ ನಿಲ್ಲುತ್ತದೆ. ಕೆಲಸದ ಜಾಗ, ರೈಲು, ಬೇಸ್‌ಬಾಲ್ ಮೈದಾನ, ಸರೋವರದ ದಂಡೆ ಎಲ್ಲರದು. ಸಂಜೆ ಮನೆಯ ಕದ ಹಾಕಿಕೊಂಡ ಮೇಲೆ ಮಾತ್ರ ಅವರವರ ಕಡೆ ಅವರವರು. ಮಕ್ಕಳು ಓದುವ ಶಾಲೆಯೂ ಆ ಕದದ ವಿಳಾಸವನ್ನೇ ಹಿಂಬಾಲಿಸುತ್ತದೆ.

ಇದು ತಾನಾಗಿ ಆದದ್ದಲ್ಲ. 1910ರಲ್ಲಿ ಶಿಕಾಗೋದಲ್ಲಿ ಕಪ್ಪು ಜನ ಇದ್ದದ್ದು 44 ಸಾವಿರ. ಮಿಸಿಸಿಪ್ಪಿಯ ಹತ್ತಿಯ ಹೊಲಗಳಿಂದ, ಅಲ್ಲಿನ ದೌರ್ಜನ್ಯದಿಂದ ತಪ್ಪಿಸಿಕೊಂಡು ರೈಲು ಹತ್ತಿ ಬಂದವರು ಸೇರಿ ಸೇರಿ 1970ರ ಹೊತ್ತಿಗೆ 11 ಲಕ್ಷ ದಾಟಿದರು. ಬಂದವರಿಗೆ ಕಸಾಯಿಖಾನೆಗಳಲ್ಲಿ, ಉಕ್ಕಿನ ಕಾರ್ಖಾನೆಗಳಲ್ಲಿ ಕೆಲಸ ಸಿಕ್ಕಿತು. ಮನೆ ಮಾತ್ರ ಸಿಗಲಿಲ್ಲ. ಈ ಆಸ್ತಿಯನ್ನು ಕಪ್ಪು ಜನರಿಗೆ ಮಾರಕೂಡದು, ಬಾಡಿಗೆಗೂ ಕೊಡಕೂಡದು ಎಂದು ಬೀದಿಗೆ ಬೀದಿಯೇ ಕರಾರುಪತ್ರಕ್ಕೆ ಸಹಿ ಹಾಕಿತ್ತು. 1937ರಲ್ಲಿ ಕಾರ್ಲ್ ಹ್ಯಾನ್ಸ್‌ಬೆರಿ ಎಂಬವರು ಅಂಥ ಒಂದು ಬೀದಿಯಲ್ಲಿ ಮನೆ ಕೊಂಡರು. ಗುಂಪು ಬಂದು ಕಲ್ಲು ಇಟ್ಟಿಗೆ ತೂರಿತು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 1940ರಲ್ಲಿ ಹ್ಯಾನ್ಸ್‌ಬೆರಿ ಗೆದ್ದರು. ಅವರ ಮಗಳು ಲೊರೇನ್ ಬೆಳೆದು ದೊಡ್ಡವಳಾಗಿ ಬರೆದ ‘ಎ ರೈಸಿನ್ ಇನ್ ದ ಸನ್’ ನಾಟಕ 1959ರಲ್ಲಿ ನ್ಯೂಯಾರ್ಕಿನ ರಂಗವನ್ನೇರಿತು. ಬಿಳಿಯರ ಬಡಾವಣೆಯಲ್ಲಿ ಮನೆ ಕೊಳ್ಳಲು ಹೊರಟ ಕಪ್ಪು ಕುಟುಂಬವೊಂದರ ಕಥೆ ಅದು. ಆದರೆ ಇಂಥ ಕರಾರುಗಳನ್ನು ಯಾವ ನ್ಯಾಯಾಲಯವೂ ಜಾರಿ ಮಾಡುವಂತಿಲ್ಲ ಎಂಬ ತೀರ್ಪು ಬರಲು 1948ರವರೆಗೆ ಕಾಯಬೇಕಾಯಿತು.

ಕರಾರು ಹೋದರೂ ಸಾಲದ ಬಾಗಿಲು ತೆರೆಯಲಿಲ್ಲ. 1930ರ ದಶಕದಲ್ಲಿ ಅಮೆರಿಕ ಸರ್ಕಾರವೇ ನಗರಗಳ ನಕ್ಷೆ ಮಾಡಿಸಿ, ಕಪ್ಪು ಜನರಿರುವ ಬಡಾವಣೆಗಳಿಗೆ ಕೆಂಪು ಬಳಿಸಿತ್ತು. ಕೆಂಪು ಎಂದರೆ ಸಾಲಕ್ಕೆ ಅಪಾಯ. ಬ್ಯಾಂಕು ಸಾಲ ಕೊಡದಿದ್ದಾಗ ದಲ್ಲಾಳಿಗಳು ಬಂದರು. ಹೆದರಿ ಓಡುವ ಬಿಳಿಯನಿಂದ ಕಡಿಮೆ ಬೆಲೆಗೆ ಮನೆ ಕೊಂಡು, ಕಪ್ಪು ಕುಟುಂಬಕ್ಕೆ ದುಪ್ಪಟ್ಟು ಬೆಲೆಗೆ ಕಂತಿನ ಮೇಲೆ ಮಾರಿದರು. ಕಡೆಯ ಕಂತು ತೀರುವವರೆಗೆ ಮನೆ ದಲ್ಲಾಳಿಯ ಹೆಸರಿನಲ್ಲೇ. ಒಂದು ಕಂತು ತಪ್ಪಿದರೂ ಮನೆಯೂ ಹೋಯಿತು, ಕಟ್ಟಿದ ಹಣವೂ ಹೋಯಿತು. ನಾರ್ತ್ ಲಾನ್‌ಡೇಲ್ ಬಡಾವಣೆಯಲ್ಲಿ ಇದಕ್ಕೆ ಬಲಿಯಾದವರೆಲ್ಲ ಸೇರಿ 1968ರಲ್ಲಿ ಸಂಘ ಕಟ್ಟಿ, ಕಂತು ಕಟ್ಟುವುದನ್ನೇ ನಿಲ್ಲಿಸಿ ಹೋರಾಡಿದರು. ಈ ವಿವರವನ್ನು ನಾನು ಬೇಕೆಂದೇ ಹೇಳುತ್ತಿದ್ದೇನೆ. ಬಡಾವಣೆಗಳು ಬೇರೆಯಾಗಲು ಮನಸ್ಸಿನ ದ್ವೇಷವೊಂದೇ ಕಾರಣವಲ್ಲ, ಅದರಲ್ಲಿ ದುಡ್ಡು ಮಾಡಿದವರಿದ್ದರು.

ಮಾರ್ಟಿನ್ ಲೂಥರ್ ಕಿಂಗ್ 1966ರ ಜನವರಿಯಲ್ಲಿ ಬಂದು ಬಾಡಿಗೆಗೆ ಇದ್ದದ್ದು ಇದೇ ನಾರ್ತ್ ಲಾನ್‌ಡೇಲಿನ ಹಳೆಯ ಕಟ್ಟಡವೊಂದರಲ್ಲಿ. ಆ ವರ್ಷ ಆಗಸ್ಟ್ 5ರಂದು ಬಿಳಿಯರ ಬಡಾವಣೆಯಾದ ಮಾರ್ಕೆಟ್ ಪಾರ್ಕ್‌ನಲ್ಲಿ ಮೆರವಣಿಗೆ ಹೊರಟಾಗ ಅವರ ತಲೆಗೆ ಕಲ್ಲು ಬಿತ್ತು. ದಕ್ಷಿಣದ ರಾಜ್ಯಗಳಲ್ಲಿ ಕೂಡ ಇಂಥ ರೋಷದ ಗುಂಪನ್ನು ಕಂಡಿಲ್ಲವೆಂದು ಅವರು ಅಂದೇ ಹೇಳಿದರು. ಮುಂದೆ 1968ರ ಏಪ್ರಿಲ್ 4ರಂದು ಅವರ ಹತ್ಯೆಯಾಯಿತು. ಒಂದೇ ವಾರದಲ್ಲಿ, ಏಪ್ರಿಲ್ 11ರಂದು, ಮನೆ ಮಾರಾಟದಲ್ಲಿ, ಬಾಡಿಗೆಯಲ್ಲಿ ಜನಾಂಗಭೇದ ಮಾಡಕೂಡದೆಂಬ ಕಾನೂನಿಗೆ ಅಧ್ಯಕ್ಷ ಜಾನ್ಸನ್ ಸಹಿ ಹಾಕಿದರು.

ಕಾನೂನು ಬಂದರೂ ಬಡಾವಣೆಗಳು ಬೆರೆಯಲಿಲ್ಲ. ಏಕೆಂಬುದಕ್ಕೆ ಥಾಮಸ್ ಶೆಲ್ಲಿಂಗ್ ಎಂಬ ಅರ್ಥಶಾಸ್ತ್ರಜ್ಞರು 1971ರಲ್ಲಿ ಪ್ರಕಟಿಸಿದ ಒಂದು ವಿವರಣೆ ಇದೆ. ಮುಂದೆ 2005ರಲ್ಲಿ ನೊಬೆಲ್ ಪ್ರಶಸ್ತಿ ಪಡೆದವರು ಅವರು. ನೀವೂ ಮನೆಯಲ್ಲಿ ಮಾಡಿ ನೋಡಬಹುದು. ಚದುರಂಗದ ಹಾಸಿನ ಮೇಲೆ ಎರಡು ಬಗೆಯ ನಾಣ್ಯಗಳನ್ನು ಅಲ್ಲಲ್ಲಿ ಖಾಲಿ ಬಿಟ್ಟು ಹರಡಿ. ಒಂದೊಂದು ನಾಣ್ಯಕ್ಕೂ ಇರುವ ಬೇಡಿಕೆ ಇಷ್ಟೇ: ಸುತ್ತಲಿನವರಲ್ಲಿ ಮೂರರಲ್ಲಿ ಒಂದು ಪಾಲಾದರೂ ನನ್ನಂಥವರಿರಲಿ. ಉಳಿದ ಎರಡು ಪಾಲು ಬೇರೆಯವರಿದ್ದರೂ ಅದಕ್ಕೆ ಒಪ್ಪಿಗೆ. ಅಷ್ಟೂ ಇಲ್ಲವೆಂದಾಗ ಮಾತ್ರ ಅದು ಎದ್ದು ಬೇರೆ ಮನೆಗೆ ಹೋಗುತ್ತದೆ. ಒಂದು ಹೋದರೆ ಹಿಂದೆ ಉಳಿದ ಅದರ ಜೊತೆಯವರ ಲೆಕ್ಕ ಕಡಿಮೆಯಾಗುತ್ತದೆ, ಆಗ ಇನ್ನೊಂದು ಹೊರಡುತ್ತದೆ. ಆಟ ನಿಲ್ಲುವ ಹೊತ್ತಿಗೆ ಎರಡೂ ಬಗೆಯ ನಾಣ್ಯಗಳು ಬೇರೆ ಬೇರೆ ಗುಂಪುಗಳಾಗಿ ಒಟ್ಟುಗೂಡಿರುತ್ತವೆ. ಯಾವ ನಾಣ್ಯಕ್ಕೂ ಅಂಥ ಹಾಸು ಬೇಕಾಗಿರಲಿಲ್ಲ. ಮಹಾನಗರದಲ್ಲಿ ಹಾಗೆ ಎದ್ದು ಹೋಗಲು ಬೇಕಾದಷ್ಟು ಜಾಗವಿದೆ. ಈ ಬಡಾವಣೆ ಬೇಡವಾದರೆ ಮುಂದಿನದು, ಅದೂ ಬೇಡವಾದರೆ ಅದರಾಚೆಯದು. ಆಸ್ಟಿನ್‌ನಲ್ಲಿ ಆದದ್ದು ಇದೇ. 1960ರಲ್ಲಿ ಬಹುತೇಕ ಪೂರ್ತಿ ಬಿಳಿಯರದ್ದಾಗಿದ್ದ ಆ ಬಡಾವಣೆಯಲ್ಲಿ 1980ರ ಹೊತ್ತಿಗೆ ಸುಮಾರು ಮುಕ್ಕಾಲು ಪಾಲು ಕಪ್ಪು ಜನ.

ಉಪನಗರಗಳು ಆಗ ಇದಕ್ಕಿಂತ ಒಳ್ಳೆಯವೇನೂ ಆಗಿರಲಿಲ್ಲ. 1947ರಲ್ಲಿ ನ್ಯೂಯಾರ್ಕಿನ ಹೊರಗೆ ವಿಲಿಯಂ ಲೆವಿಟ್ ಕಟ್ಟಲಾರಂಭಿಸಿದ ಲೆವಿಟ್‌ಟೌನ್‌ನಲ್ಲಿ 17 ಸಾವಿರಕ್ಕೂ ಹೆಚ್ಚು ಮನೆಗಳು ಎದ್ದವು. ಬಿಳಿಯರಲ್ಲದವರು ಇಲ್ಲಿ ವಾಸಿಸುವಂತಿಲ್ಲ ಎಂದು ಕರಾರಿನಲ್ಲೇ ಅಚ್ಚಾಗಿತ್ತು. ಶಿಕಾಗೋದ ಸೆರಗಿನಲ್ಲಿರುವ ಸಿಸೆರೊ ಉಪನಗರದಲ್ಲಿ 1951ರ ಜುಲೈಯಲ್ಲಿ ಹಾರ್ವಿ ಕ್ಲಾರ್ಕ್ ಎಂಬ ಬಸ್ ಚಾಲಕ ಹೆಂಡತಿ ಮಕ್ಕಳೊಂದಿಗೆ ಬಾಡಿಗೆಗೆ ಬಂದರು. ಸಾವಿರಾರು ಜನ ಕಟ್ಟಡಕ್ಕೆ ಮುತ್ತಿಗೆ ಹಾಕಿ, ಅವರ ಮೇಜು ಕುರ್ಚಿಗಳನ್ನೂ ಪಿಯಾನೋವನ್ನೂ ಕಿಟಕಿಯಿಂದ ಕೆಳಗೆಸೆದು ಬೆಂಕಿ ಹಚ್ಚಿದರು. ರಾಜ್ಯಪಾಲರು ಸೈನ್ಯ ಕರೆಸಬೇಕಾಯಿತು.

ಸಿಸೆರೊಗೆ ತಾಗಿಕೊಂಡೇ ಇರುವುದು ಓಕ್ ಪಾರ್ಕ್. ಲೇಖಕ ಹೆಮಿಂಗ್ವೇ ಹುಟ್ಟಿದ ಊರು, ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಮನೆ ಕಟ್ಟಿಕೊಂಡ ಊರು. ಅಲ್ಲಿಗೆ ಪರ್ಸಿ ಜೂಲಿಯನ್ ಎಂಬ ರಸಾಯನ ವಿಜ್ಞಾನಿ ಬಂದರು. ಗುಲಾಮರ ಮೊಮ್ಮಗ, ವಿಯೆನ್ನಾದಲ್ಲಿ ಡಾಕ್ಟರೇಟ್ ಮಾಡಿದವರು, ಸೋಯಾ ಅವರೆಯ ಎಣ್ಣೆಯಿಂದ ಹಾರ್ಮೋನುಗಳನ್ನು ಅಗ್ಗವಾಗಿ ತಯಾರಿಸುವ ದಾರಿ ಕಂಡುಹಿಡಿದವರು. 1950ರ ನವೆಂಬರಿನಲ್ಲಿ ಅವರ ಮನೆ ಸುಡುವ ಪ್ರಯತ್ನ ನಡೆಯಿತು. 1951ರ ಜೂನ್‌ನಲ್ಲಿ ಓಡುವ ಕಾರಿನಿಂದ ಡೈನಮೈಟ್ ಎಸೆದರು. ಸಿಡಿದದ್ದು ಮಕ್ಕಳು ಮಲಗುವ ಕೋಣೆಯ ಹೊರಗೆ. ಅಂದರೆ ಸಿಸೆರೊದ ಗಲಭೆಗೂ ಓಕ್ ಪಾರ್ಕ್‌ನ ಸ್ಫೋಟಕ್ಕೂ ಒಂದೇ ತಿಂಗಳ ಅಂತರ. ಇಲ್ಲಿಂದ ಮುಂದೆ ಈ ಎರಡು ಊರುಗಳು ಹಿಡಿದ ದಾರಿ ಬೇರೆ. ಓಕ್ ಪಾರ್ಕ್‌ನ ನೂರಾರು ಜನ ಜೂಲಿಯನ್ ಕುಟುಂಬದ ಬೆಂಬಲಕ್ಕೆ ನಿಂತರು, ಆ ಕುಟುಂಬ ಅಲ್ಲೇ ಉಳಿಯಿತು.

1968ರ ಮೇ ತಿಂಗಳಲ್ಲಿ ಓಕ್ ಪಾರ್ಕ್‌ನ ಆಡಳಿತ ಮಂಡಳಿ ತನ್ನದೇ ಕಾಯ್ದೆ ಮಾಡಿ ಮನೆ ವ್ಯವಹಾರದಲ್ಲಿ ಜನಾಂಗಭೇದವನ್ನು ನಿಷೇಧಿಸಿತು. ಆದರೆ ರಸ್ತೆಯಾಚೆ ಆಸ್ಟಿನ್ ಬೀದಿ ಬೀದಿಯಾಗಿ ಬದಲಾಗುತ್ತಿದ್ದುದನ್ನು ಎಲ್ಲರೂ ಕಣ್ಣಾರೆ ನೋಡುತ್ತಿದ್ದರು. ಇನ್ನು ನಮ್ಮ ಸರದಿ ಎಂಬ ಅಂಜಿಕೆ ಮನೆಮನೆಯಲ್ಲಿತ್ತು. ಆಗ ರಾಬರ್ಟಾ ರೇಮಂಡ್ ಎಂಬ ಮಹಿಳೆ 1972ರಲ್ಲಿ ಓಕ್ ಪಾರ್ಕ್ ಹೌಸಿಂಗ್ ಸೆಂಟರ್ ಆರಂಭಿಸಿದರು. ಬಾಡಿಗೆ ಮನೆ ಹುಡುಕಿಕೊಂಡು ಬಂದವರನ್ನು ಕೂರಿಸಿ ಮಾತನಾಡಿಸುವುದು ಅದರ ಕೆಲಸ. ಬಂದವರು ಬಿಳಿಯರಾದರೆ, ಅವರು ತಾವಾಗಿ ಕೇಳದ ಪೂರ್ವದ ಬೀದಿಗಳ ಮನೆಗಳನ್ನೂ ತೋರಿಸುವುದು. ಕಪ್ಪು ಕುಟುಂಬವಾದರೆ, ಆಸ್ಟಿನ್ ಗಡಿಯ ಮನೆಗಳಷ್ಟೇ ಅಲ್ಲ, ಊರಿನ ಪಶ್ಚಿಮ, ಉತ್ತರಗಳ ಮನೆಗಳನ್ನೂ ತೋರಿಸುವುದು. ಬಲವಂತವಿಲ್ಲ, ಆಯ್ಕೆ ಅವರದೇ. ಜನ ಎಲ್ಲಿ ಹುಡುಕುತ್ತಾರೋ ಅದನ್ನು ಅಗಲ ಮಾಡಿದ್ದು ಮಾತ್ರ ಇವರು. ಹೀಗೆ ವರ್ಷಕ್ಕೆ ಸಾವಿರಾರು ಮಂದಿಯ ಜೊತೆ ಒಬ್ಬೊಬ್ಬರಾಗಿ ಕುಳಿತು ಮಾತು. ಇಂಥ ಕೆಲಸವನ್ನು ದಶಕಗಟ್ಟಲೆ ಬೇಸರವಿಲ್ಲದೆ ಮಾಡಿದವರ ಬಗ್ಗೆ ನನಗೆ ಅಪಾರ ಗೌರವ.

ಆಡಳಿತ ಮಂಡಳಿಯೂ ಕೈಕಟ್ಟಿ ಕೂರಲಿಲ್ಲ. ಹೆದರಿಕೆ ಹಬ್ಬುವುದು ಮನೆ ಮುಂದಿನ ‘ಮಾರಾಟಕ್ಕಿದೆ’ ಫಲಕಗಳಿಂದ ಎಂದು ಅವನ್ನು ನಿಷೇಧಿಸಿತು. ಬೇರೊಂದು ಊರಿನ ಇಂಥದೇ ನಿಷೇಧವನ್ನು 1977ರಲ್ಲಿ ಸುಪ್ರೀಂ ಕೋರ್ಟ್ ಅನೂರ್ಜಿತ ಮಾಡಿದ ಮೇಲೂ ಓಕ್ ಪಾರ್ಕ್‌ನ ಬ್ರೋಕರುಗಳು ತಾವಾಗಿಯೇ ಫಲಕ ಹಾಕದೆ ನಡೆಸಿಕೊಂಡು ಬಂದರು. 1975ರಲ್ಲಿ ಹೊಸ ಆಡಳಿತ ಭವನ ಕಟ್ಟುವಾಗ ಅದನ್ನು ಊರಿನ ನಡುವೆ ಕಟ್ಟದೆ ಪೂರ್ವಕ್ಕೆ, ಆಸ್ಟಿನ್ ಗಡಿಯ ಸಮೀಪಕ್ಕೆ ಒಯ್ದರು. ಆ ಭಾಗವನ್ನು ನಾವು ಬಿಟ್ಟುಕೊಡುವುದಿಲ್ಲ ಎಂಬುದನ್ನು ಇಟ್ಟಿಗೆ ಗಾರೆಯಲ್ಲಿ ಹೇಳಿದ ಹಾಗಾಯಿತು. 1978ರಲ್ಲಿ ಇನ್ನೊಂದು ಯೋಜನೆ. ಮನೆಯ ಬೆಲೆ ಕಟ್ಟಿಸಿ ನೋಂದಾಯಿಸಿಕೊಂಡವರು ಐದು ವರ್ಷ ಅಲ್ಲೇ ಇದ್ದು, ಆಮೇಲೆ ಮಾರಿದಾಗ ನಷ್ಟವಾದರೆ, ನಷ್ಟದ 80% ಹಣವನ್ನು ಊರೇ ತುಂಬಿಕೊಡುತ್ತದೆ. ಮನೆ ಎಂದರೆ ಜೀವಮಾನದ ಗಳಿಕೆ. ನೆರೆಯವನ ಬಣ್ಣ ಬದಲಾದರೆ ಆ ಗಳಿಕೆ ಕರಗುತ್ತದೆ ಎಂಬ ಭಯಕ್ಕೆ ಉಪದೇಶ ಮಾಡಿ ಪ್ರಯೋಜನವಿಲ್ಲವೆಂದು ಅವರು ಅರಿತಿದ್ದರು, ಅದಕ್ಕೇ ಜಾಮೀನು ಕೊಟ್ಟರು. ಪರಿಹಾರ ಕೊಡುವ ಪ್ರಸಂಗವೇ ಬರಲಿಲ್ಲ, ಬೆಲೆ ಬೀಳಲಿಲ್ಲ.

ಇಂದು ಸುಮಾರು 54 ಸಾವಿರ ಜನರಿರುವ ಓಕ್ ಪಾರ್ಕ್‌ನಲ್ಲಿ ಹತ್ತಿರ ಹತ್ತಿರ ಐದರಲ್ಲಿ ಒಬ್ಬರು ಕಪ್ಪುವರ್ಣೀಯರು, ಮತ್ತು ಅವರು ಒಂದೇ ಮೂಲೆಯಲ್ಲಿಲ್ಲ. ಅಲ್ಲಿನ ಎರಡು ಮಾಧ್ಯಮಿಕ ಶಾಲೆಗಳಲ್ಲಿ ಒಂದಕ್ಕೆ ಪರ್ಸಿ ಜೂಲಿಯನ್ ಹೆಸರಿದೆ, ಇನ್ನೊಂದಕ್ಕೆ ಶಿಕಾಗೋದ ಕವಯಿತ್ರಿ ಗ್ವೆಂಡೊಲಿನ್ ಬ್ರೂಕ್ಸ್ ಹೆಸರು.

ಮಹಾನಗರಕ್ಕೆ ಇದು ಸಾಧ್ಯವಾಗದೆ ಉಪನಗರಕ್ಕೆ ಏಕೆ ಸಾಧ್ಯವಾಯಿತು? ಶಿಕಾಗೋ ಪ್ರದೇಶದಲ್ಲಿ 280ಕ್ಕೂ ಹೆಚ್ಚು ಬೇರೆ ಬೇರೆ ಸ್ಥಳೀಯ ಆಡಳಿತಗಳಿವೆ. ಎಲ್ಲಿ ಎಂಥ ಮನೆ ಕಟ್ಟಬಹುದು, ನಿವೇಶನ ಎಷ್ಟು ದೊಡ್ಡದಿರಬೇಕು, ಪೊಲೀಸರು ಯಾರು ಎಂಬುದು ಆಯಾ ಊರಿನ ಕೈಯಲ್ಲಿದೆ. ಶಾಲೆಗೂ ಬಹುಪಾಲು ಹಣ ಬರುವುದು ಆ ಜಾಗದ ಮನೆತೆರಿಗೆಯಿಂದಲೇ. ಈ ಅಧಿಕಾರದಿಂದಲೇ ಎಷ್ಟೋ ಉಪನಗರಗಳು ಬಡವರನ್ನು, ಬೇರೆ ಬಣ್ಣದವರನ್ನು ಹೊರಗಿಟ್ಟವು. ಓಕ್ ಪಾರ್ಕ್ ಅದೇ ಅಧಿಕಾರವನ್ನು ಜನರನ್ನು ಒಟ್ಟಿಗೆ ಹಿಡಿದಿಡಲು ಬಳಸಿತು. ಆಸ್ಟಿನ್ ಬಡಾವಣೆಗೆ ಅಂಥ ಅಧಿಕಾರವೇ ಇರಲಿಲ್ಲ. ಅಲ್ಲಿಯೂ ಊರನ್ನು ಪ್ರೀತಿಸಿದವರು, ಬೆಳಗಿನ ಜಾವದವರೆಗೆ ಸಭೆ ನಡೆಸಿದವರು ಇದ್ದಿರಲೇಬೇಕು. ಆದರೆ ಅವರ ತೀರ್ಮಾನಗಳನ್ನು ಜಾರಿಗೆ ತರುವ ಮಂಡಳಿ ನಗರದ ನಡುವಿನ ಸಿಟಿ ಹಾಲ್‌ನಲ್ಲಿತ್ತು.

ಓಕ್ ಪಾರ್ಕ್ ಎಲ್ಲವನ್ನೂ ಗೆದ್ದಿತೆಂದು ಹೇಳಲಾರೆ. ಬೆರಕೆ ಉಳಿಸಲು ಕಪ್ಪು ಜನರನ್ನು ಅತ್ತಿತ್ತ ಹೊರಳಿಸುವುದು ಎಷ್ಟು ಸರಿ ಎಂಬ ಪ್ರಶ್ನೆ ಮೊದಲಿಂದಲೂ ಇದೆ, ಮತ್ತು ಅದು ನ್ಯಾಯವಾದ ಪ್ರಶ್ನೆ. ಮನೆಗಳ ಬೆಲೆ ಏರಿ ಸಾಮಾನ್ಯ ಕುಟುಂಬಗಳಿಗೆ ಕೈಗೆಟುಕದಂತಾಗಿದೆ. 2018ರಲ್ಲಿ ಸ್ಟೀವ್ ಜೇಮ್ಸ್ ಎಂಬ ನಿರ್ದೇಶಕರು, ಅವರೂ ಅಲ್ಲಿಯ ನಿವಾಸಿಯೇ, ಆ ಊರಿನ ಹೈಸ್ಕೂಲಿನಲ್ಲಿ ಒಂದು ವರ್ಷ ಕಳೆದು ‘ಅಮೆರಿಕಾ ಟು ಮಿ’ ಎಂಬ ಹತ್ತು ಕಂತುಗಳ ಸಾಕ್ಷ್ಯಚಿತ್ರವನ್ನು ಹೊರತಂದರು. ಒಂದೇ ಗೇಟಿನಿಂದ ಒಳಬರುವ ಮಕ್ಕಳು ಮೇಲ್ಮಟ್ಟದ ತರಗತಿ, ಸಾಮಾನ್ಯ ತರಗತಿ ಎಂದು ಕವಲೊಡೆದು, ಬಿಳಿಯ ಮಕ್ಕಳು ಹೆಚ್ಚಾಗಿ ಒಂದು ಕಡೆ, ಕಪ್ಪು ಮಕ್ಕಳು ಹೆಚ್ಚಾಗಿ ಇನ್ನೊಂದು ಕಡೆ ಆಗುವುದನ್ನು ಅದು ತೋರಿಸುತ್ತದೆ. ಬೀದಿಯಲ್ಲಿ ಗೆದ್ದ ಊರು ತರಗತಿಯ ಬಾಗಿಲಲ್ಲಿ ಇನ್ನೂ ಹೋರಾಡುತ್ತಿದೆ.

ಆದರೂ ಜಾಗ ಬದಲಾದರೆ ಮಕ್ಕಳ ಬದುಕು ಬದಲಾಗುತ್ತದೆ ಎಂಬುದಕ್ಕೆ ಶಿಕಾಗೋದಲ್ಲೇ ಗಟ್ಟಿ ಪುರಾವೆ ಸಿಕ್ಕಿದೆ. ಸರ್ಕಾರಿ ವಸತಿಗಳನ್ನೆಲ್ಲ ಕಪ್ಪು ಬಡಾವಣೆಗಳಲ್ಲೇ ಕಟ್ಟುತ್ತಿದ್ದಾರೆಂದು ಡೊರೊಥಿ ಗೌಟ್ರೋ ಎಂಬ ಬಾಡಿಗೆದಾರ ಮಹಿಳೆ ಇತರರೊಂದಿಗೆ 1966ರಲ್ಲಿ ದಾವೆ ಹೂಡಿದರು. ಹತ್ತು ವರ್ಷಗಳ ಬಳಿಕ ಸುಪ್ರೀಂ ಕೋರ್ಟಿನ ತೀರ್ಪು ಬಂದಾಗ ಅವರು ಬದುಕಿರಲಿಲ್ಲ. ಆ ತೀರ್ಪಿನ ಫಲವಾಗಿ 1998ರವರೆಗೆ ಸುಮಾರು 7 ಸಾವಿರ ಕುಟುಂಬಗಳು ಹೊಸ ಜಾಗಗಳಿಗೆ ಹೋದವು. ಅರ್ಧಕ್ಕಿಂತ ಹೆಚ್ಚು ಉಪನಗರಗಳಿಗೆ. ನಗರದೊಳಗೇ ಉಳಿದವರ ಮಕ್ಕಳಿಗಿಂತ ಉಪನಗರಕ್ಕೆ ಹೋದವರ ಮಕ್ಕಳು ಹೆಚ್ಚಾಗಿ ಕಾಲೇಜು ಸೇರಿದರೆಂದು ಜೇಮ್ಸ್ ರೋಸನ್‌ಬಾಮ್ ಅವರ ಅಧ್ಯಯನ ಹೇಳಿತು.

ಈಗ ಅಮೆರಿಕದ ದೊಡ್ಡ ನೂರು ನಗರ ಪ್ರದೇಶಗಳನ್ನು ತೆಗೆದುಕೊಂಡರೆ ಕಪ್ಪು ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಉಪನಗರವಾಸಿಗಳು. 2010ರ ಜನಗಣತಿಯಲ್ಲೇ ಇದು ಕಂಡಿತು. ಏಷ್ಯನ್ನರು, ಲ್ಯಾಟಿನೋಗಳೂ ಹಾಗೆಯೇ. ಕ್ಲಾರ್ಕ್ ಕುಟುಂಬವನ್ನು ಓಡಿಸಿದ ಸಿಸೆರೊದಲ್ಲಿ ಇಂದು ಹತ್ತರಲ್ಲಿ ಸುಮಾರು ಒಂಬತ್ತು ಜನ ಲ್ಯಾಟಿನೋಗಳು. ಆದರೆ ಬಂದು ನೆಲೆಸುವುದೇ ಒಂದು, ಊರಿನಲ್ಲಿ ಪಾಲು ಸಿಗುವುದೇ ಇನ್ನೊಂದು. ಸೇಂಟ್ ಲೂಯಿಸ್ ಹೊರವಲಯದ ಫರ್ಗುಸನ್ 2010ರ ಹೊತ್ತಿಗೆ ಮೂರರಲ್ಲಿ ಎರಡು ಪಾಲು ಕಪ್ಪು ಜನರ ಊರಾಗಿತ್ತು. ಆರು ಜನರ ನಗರಸಭೆಯಲ್ಲಿ ಅವರು ಒಬ್ಬರೇ ಒಬ್ಬರು. ಐವತ್ತಕ್ಕೂ ಹೆಚ್ಚು ಪೊಲೀಸರಲ್ಲಿ ಮೂರು ನಾಲ್ಕು ಮಂದಿ. ದಂಡ ವಸೂಲಿಯಿಂದಲೇ ಊರಿನ ಖಜಾನೆ ತುಂಬಿಸಲು ಕಪ್ಪು ಜನರನ್ನು ಹೇಗೆ ಹಿಂಡುತ್ತಿದ್ದರೆಂಬುದು 2014ರ ಆಗಸ್ಟಿನಲ್ಲಿ ಮೈಕೆಲ್ ಬ್ರೌನ್ ಎಂಬ ತರುಣ ಪೊಲೀಸ್ ಗುಂಡಿಗೆ ಬಲಿಯಾದ ಮೇಲೆ, ನ್ಯಾಯ ಇಲಾಖೆಯ ವರದಿಯಿಂದ ಜಗತ್ತಿಗೆ ತಿಳಿಯಿತು.

ಈ ಕಥೆಗೆ ನಮ್ಮವರೂ ಸೇರುತ್ತಾರೆ. ಕವಿ ಎ. ಕೆ. ರಾಮಾನುಜನ್ 1960ರ ದಶಕದಿಂದ 1993ರಲ್ಲಿ ತೀರಿಕೊಳ್ಳುವವರೆಗೆ ಪಾಠ ಹೇಳಿದ ಶಿಕಾಗೋ ವಿಶ್ವವಿದ್ಯಾಲಯ ಇರುವುದು ಹೈಡ್ ಪಾರ್ಕ್‌ನಲ್ಲಿ. ಕಪ್ಪು ಬಿಳಿ ಒಟ್ಟಿಗಿರುವ, ನಗರದೊಳಗಿನ ಅಪರೂಪದ ಬಡಾವಣೆ ಅದು. ಅದೂ ಸುಮ್ಮನೆ ಆದದ್ದಲ್ಲ. ವಿಶ್ವವಿದ್ಯಾಲಯದಂಥ ಬಲವಾದ ಸಂಸ್ಥೆ ಹಿಂದೆ ನಿಂತು 1950ರ ದಶಕದಲ್ಲಿ ಬಡಾವಣೆಯನ್ನು ನವೀಕರಿಸಿತು, ಹಾಗೆ ಮಾಡುವಾಗ ಸಾವಿರಾರು ಬಡ ಕುಟುಂಬಗಳು, ಅವುಗಳಲ್ಲಿ ಅನೇಕ ಕಪ್ಪು ಕುಟುಂಬಗಳು, ಜಾಗ ಖಾಲಿ ಮಾಡಬೇಕಾಯಿತು. 1965ರ ವಲಸೆ ಕಾನೂನಿನ ನಂತರ ಭಾರತದಿಂದ ವೈದ್ಯರು, ಎಂಜಿನಿಯರುಗಳು ದೊಡ್ಡ ಸಂಖ್ಯೆಯಲ್ಲಿ ಬಂದರು. ನಗರದ ಡಿವಾನ್ ಅವೆನ್ಯೂ ಅವರ ಅಂಗಡಿಬೀದಿಯಾಯಿತು. ಪಟೇಲ್ ಬ್ರದರ್ಸ್ ತಮ್ಮ ಮೊದಲ ಅಂಗಡಿ ತೆರೆದದ್ದು 1974ರಲ್ಲಿ, ಅಲ್ಲೇ. ವಾಸಕ್ಕೆ ಮಾತ್ರ ನಮ್ಮವರು ನೇಪರ್‌ವಿಲ್, ಅರೋರಾ, ಶಾಂಬರ್ಗ್ ಕಡೆಗೆ ನಡೆದರು. ಶಿಕಾಗೋದ ವಿದ್ಯಾರಣ್ಯ ಕನ್ನಡ ಕೂಟದ ಯುಗಾದಿ, ರಾಜ್ಯೋತ್ಸವಗಳಿಗೆ ಕುಟುಂಬಗಳು ಬರುವುದೂ ಹೆಚ್ಚಾಗಿ ಇಂಥ ಊರುಗಳಿಂದಲೇ. ನೇಪರ್‌ವಿಲ್‌ನಲ್ಲಿ ಈಗ ಐದರಲ್ಲಿ ಒಬ್ಬರು ಏಷ್ಯಾ ಮೂಲದವರು.

ಕೆನಡಾದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಶಿರಾ ತಾಲ್ಲೂಕಿನಿಂದ ಹೋದ ಚಂದ್ರ ಆರ್ಯ ಅವರು ಸಂಸತ್ತಿಗೆ ಆರಿಸಿ ಬಂದದ್ದು ಒಟ್ಟಾವಾದ ಉಪನಗರ ಪ್ರದೇಶವಾದ ನೇಪಿಯನ್‌ನಿಂದ. 2022ರ ಮೇ ತಿಂಗಳಲ್ಲಿ ಅವರು ಆ ಸದನದಲ್ಲಿ ಕನ್ನಡದಲ್ಲಿ ಮಾತನಾಡಿದ್ದನ್ನು ನಾವೆಲ್ಲ ಕೇಳಿದೆವು. ಕನ್ನಡಿಗರಷ್ಟೇ ಮತ ಕೊಟ್ಟರೆ ಯಾರೂ ಅಲ್ಲಿ ಗೆಲ್ಲಲಾರರು, ನೆರೆಹೊರೆಯ ನಾನಾ ಜನಾಂಗದವರು ಅವರನ್ನು ತಮ್ಮವರೆಂದು ಆರಿಸಿದ್ದರು.

ನೇಪರ್‌ವಿಲ್‌ನಲ್ಲಿ ಕನ್ನಡದ ಎಂಜಿನಿಯರ್ ಮನೆ ಕೊಳ್ಳಲು ಹೋದಾಗ ನಿಮಗೆ ಕೊಡುವುದಿಲ್ಲ ಎಂದು ಯಾರೂ ಅನ್ನುವಂತಿಲ್ಲ. ಆ ರಕ್ಷಣೆ ಬಂದದ್ದು 1968ರ ಕಾನೂನಿನಿಂದ, ಅದಕ್ಕಾಗಿ ಮಾರ್ಕೆಟ್ ಪಾರ್ಕ್‌ನಲ್ಲಿ ಕಲ್ಲೇಟು ತಿಂದವರಿಂದ. ಅಲ್ಲಿರುವ ನಮ್ಮವರು ಇದನ್ನು ಮಕ್ಕಳಿಗೆ ಹೇಳಬೇಕೆಂದು ನನ್ನ ಆಸೆ. ಮಾಡಬಹುದಾದದ್ದೂ ಒಂದಿದೆ. ಶಿಕಾಗೋ ಇರುವ ಇಲಿನಾಯ್ ರಾಜ್ಯದಲ್ಲಿ 2003ರಲ್ಲಿ ಬಂದ ಕಾನೂನೊಂದರಂತೆ, ಸಾಮಾನ್ಯ ವರಮಾನದವರಿಗೆ ಎಟುಕುವ ಮನೆಗಳು ಹತ್ತರಲ್ಲಿ ಒಂದೂ ಇಲ್ಲದ ಊರುಗಳು ಅಂಥ ಮನೆಗಳಿಗೆ ಯೋಜನೆ ಮಾಡಬೇಕು. 2018ರ ಪಟ್ಟಿಯಲ್ಲಿ ನೇಪರ್‌ವಿಲ್ ಹೆಸರೂ ಇತ್ತು. ಇಂಥ ಮನೆಗಳ ಪ್ರಸ್ತಾವ ಬಂದಾಗಲೆಲ್ಲ ಅಮೆರಿಕದ ಉಪನಗರಗಳಲ್ಲಿ ಬಹಿರಂಗ ಸಭೆ ನಡೆಯುತ್ತದೆ, ವಾಹನ ದಟ್ಟಣೆ, ಶಾಲೆಯ ಮಟ್ಟ, ಆಸ್ತಿಯ ಬೆಲೆ ಎಂದು ಆಕ್ಷೇಪಗಳು ಏಳುತ್ತವೆ. ಆ ಸಭೆಯಲ್ಲಿ ಯಾವ ನಿವಾಸಿಯಾದರೂ ಎದ್ದು ನಿಂತು ಕೆಲವು ನಿಮಿಷ ಮಾತನಾಡಬಹುದು. ಕನ್ನಡ ಮನೆಗಳಿಂದ ಒಬ್ಬಿಬ್ಬರಾದರೂ ಹೋಗಿ, ಆ ಮನೆಗಳನ್ನು ಕಟ್ಟಲಿ ಎಂದು ಹೇಳಿದರೆ ನನಗೆ ಸಂತೋಷ.